ದಿಂಬಿಗೆ ನೀರು ಹಾಕಿದ ಡಾಕ್ಟರಮ್ಮ

ಮೊಮ್ಮಕ್ಕಳೇ, ಮೇಘನಾ, ಚಿರಾಗ್! ಯಲಹಂಕದ ಕತ್ತಿನ ಡಾಕ್ಟರಮ್ಮನನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಅಗಲವಾದ ಅಂಗೈಗಳು. ಯಾರ ಕತ್ತನ್ನೇ ಮುಟ್ಟಲಿ, ಮೊದಲು ಬಿಸಿ ಕಾಫಿ ಲೋಟ ಹಿಡಿದು ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಬೋರ್ಡಿನಲ್ಲಿ ಕೈರೋಪ್ರಾಕ್ಟರ್ ಎಂದಿತ್ತು, ಕೈಯಿಂದಲೇ ಕತ್ತು ಬೆನ್ನು ಸರಿಮಾಡುವವರಂತೆ. ನನ್ನ ನಾಲಿಗೆಗೆ ಆ ಹೆಸರು ಹೊರಳಲಿಲ್ಲ.

ಚಿರಾಗ್, ನೀನಾಗ ಕತ್ತು ನಿಲ್ಲದ ಕೂಸು. ಕಾಲಮೇಲೆ ಮಲಗಿಸಿಕೊಂಡು ನಿನಗೆ ನೀರು ಹಾಕುತ್ತಿದ್ದಾಗ ತಲೆ ಸುತ್ತಿ ಗೋಡೆ ಹಿಡಿದೆ. ನಿನ್ನಮ್ಮ ಓಡಿಬಂದು ನಿನ್ನನ್ನೆತ್ತಿಕೊಂಡಳು. "ಇನ್ಮೇಲೆ ಬೇಡ ಅತ್ತೆ." ರಾಜಾನುಕುಂಟೆಯಲ್ಲಿ ನಮ್ಮ ಬೀದಿಯ ಕೂಸುಗಳಿಗೆಲ್ಲ ನೀರು ಹಾಕಿದವಳು ನಾನು. ಬಚ್ಚಲಲ್ಲೇ ಕೂತು ಅತ್ತುಬಿಟ್ಟೆ.

ನಿಮ್ಮಪ್ಪ ಕರೆದೊಯ್ದಾಗ ಡಾಕ್ಟರಮ್ಮ ಮೊದಲು ಬಿ.ಪಿ., ಕಿವಿ ಪರೀಕ್ಷೆಗೆ ಕಳಿಸಿದರು. "ಎಲ್ಲಾ ತಲೆಸುತ್ತೂ ಕತ್ತಿಂದ್ಲೇ ಬರಲ್ಲಮ್ಮ." ಅಲ್ಲೇನೂ ಸಿಗದೆ ಮತ್ತೆ ಹೋದೆವು. ಏನು ಕೇಳಿದರೂ ನಾನು ಸೆರಗು ಹಿಡಿದು "ಊಂ" ಎನ್ನುತ್ತಿದ್ದೆ. ನೀರು ಹಾಕುವುದನ್ನು ತೋರಿಸಿ ಎಂದರೆ ಮೇಲೇಳಲೇ ಇಲ್ಲ. ಅವರೇ ನೆಲದಲ್ಲಿ ಕಾಲು ಚಾಚಿ ಕೂತು, ಕಾಲಮೇಲೆ ದಿಂಬು ಮಲಗಿಸಿ, ಖಾಲಿ ಲೋಟವನ್ನು ನೇರ ಅದರ ಮುಖದ ಮೇಲೆ ಬಗ್ಗಿಸಿದರು.

"ಅಯ್ಯೋ, ಇಂಗಲ್ಲ ಕಣವ್ವ! ಮಗೀನ ಮೂಗಿಗೆ ನೀರೋಗ್ತದೆ. ಏಳಿ ನೀವು!"

"ಸದ್ಯ, ಬಾಯಿ ಬಂತಲ್ಲ! ಬೇಗ ಹಾಕಿ, ನನ್ ಮಗು ನಡುಗ್ತಿದೆ."

ನಗು ತಡೆಯದೆ ಕೂತು ತೋರಿಸಿದೆ. ಹಿಂದಿನಿಂದ ನನ್ನ ತಲೆಬುರುಡೆಯ ಕೆಳಗೆ ಬೆರಳಿಟ್ಟು ನೋಡಿದರು. ನನ್ನ ಗದ್ದ ಮುಂದೆ ಚಾಚಿತ್ತು, ಕತ್ತಿನ ಮೇಲ್ಭಾಗ ಕಲ್ಲಿನಂತೆ ಬಿಗಿದಿತ್ತು. ತಲೆ ಎತ್ತ ತಿರುಗಿದೆ ಎಂಬ ಸುದ್ದಿ ಅಲ್ಲಿಂದ ಮೆದುಳಿಗೆ ತಪ್ಪಾಗಿ ಹೋದರೆ ಸುತ್ತು ಬರಬಹುದಂತೆ. "ಬರಬಹುದು ಅಂದೆ, ಗ್ಯಾರಂಟಿ ಕೊಡ್ಲಿಲ್ಲ," ಎಂದರು.

ಕತ್ತನ್ನು ಲಟಕ್ಕೆನ್ನಿಸುತ್ತಾರೆಂದು ಹೆದರಿ ಕಣ್ಣು ಮುಚ್ಚಿದೆ. "ಕತ್ತು ನಿಮ್ಗೇ ವಾಪಸ್ ಕೊಡ್ತೀನಿ, ಉಸಿರು ಬಿಡಿ!" ಮೆಲ್ಲಗೆ ಒತ್ತಿ ಸಡಿಲಿಸಿದರು, ಅಷ್ಟೆ. ಗದ್ದ ಒಳಗೆಳೆಯುವ ವ್ಯಾಯಾಮ ಕಲಿಸಿದರು, ಕೂರಲು ಎತ್ತರದ ಮಣೆ ಮಾಡಿಸಲು ಹೇಳಿದರು. ವಾರಗಳು ಕಳೆದಂತೆ ಸುತ್ತು ಕಡಿಮೆಯಾಗುತ್ತ ನಿಂತೇ ಹೋಯಿತು.

ಒಂದು ಬೆಳಿಗ್ಗೆ ನಿನ್ನಮ್ಮ ನಿನ್ನನ್ನು ತಂದು ನನ್ನ ಕಾಲಮೇಲೆ ಮಲಗಿಸಿ, ಬಾಗಿಲಲ್ಲೇ ಕಾದು ನಿಂತಳು. ನೀನು ಅರ್ಧ ಸ್ನಾನಕ್ಕೇ ನಿದ್ದೆಹೋದೆ. ಅವಳು ಒಲೆ ಮೇಲಿನ ಹಾಲು ನೋಡಲು ಹೋದವಳು, ನನ್ನ ಮೇಲೆ ನಂಬಿಕೆ ಬಂದು, ಮತ್ತೆ ಕಾಯಲು ಬರಲಿಲ್ಲ.

ಡಾಕ್ಟರಮ್ಮ ಊರು ಬಿಟ್ಟು ಹೋಗುವಾಗಲೂ ನಿಮ್ಮಿಂದ ಒಳ್ಳೆಯದಾಯಿತು ಎನ್ನಲು ನಾಚಿಕೊಂಡೆ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ. ಮುಂದೆ ನಿಮ್ಮ ಕೂಸುಗಳಿಗೆ ನೀರು ಹಾಕುವವರಿಗೂ ಓದಿ ಹೇಳಿ. ಅಲ್ಲಿಯವರೆಗೆ ಈ ಹಾಳೆಗಳು ಜೋಪಾನ.