ಪಬ್ಬಿನ ನೆಲದ ಮೇಲೆ ಪಿಟೀಲು

"ಇವಳು ಈಗ ಕನ್ಸಲ್ಟಿಂಗ್ ಮಾಡ್ತಿದಾಳೆ" ಎಂದು ನನ್ನ ಗಂಡ ಹೇಳಿದಾಗ ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಪರಿಚಿತರ ಮನೆ, ಎಲ್ಲರೂ ಒಂದೊಂದು ಅಡುಗೆ ತರುವ ಸಂಕ್ರಾಂತಿಯ ಪಾಟ್‌ಲಕ್, ನನ್ನ ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ. ನಾನು ಯಾರಿಗೂ ಯಾವ ಸಲಹೆಯನ್ನೂ ಕೊಡುತ್ತಿರಲಿಲ್ಲ. ಕಾರಿನ ಸೀಟುಗಳನ್ನು ವಿನ್ಯಾಸ ಮಾಡುವ ಕಂಪನಿಯಲ್ಲಿ ಹದಿನಾಲ್ಕು ವರ್ಷ ದುಡಿದಿದ್ದೆ. ಎರಡು ತಿಂಗಳ ಹಿಂದೆ ನಮ್ಮ ಇಡೀ ಫ್ಲೋರನ್ನು ಒಂದು ಕೋಣೆಗೆ ಕರೆದು, ಮಧ್ಯಾಹ್ನದ ಊಟದ ಹೊತ್ತಿಗೆ ಸಾಮಾನು ತುಂಬಿಕೊಳ್ಳಲು ಎಲ್ಲರ ಕೈಗೂ ಒಂದೊಂದು ರಟ್ಟಿನ ಡಬ್ಬ ಕೊಟ್ಟು ಮನೆಗೆ ಕಳಿಸಿದ್ದರು.

ಡೆಟ್ರಾಯಿಟ್ ಸುತ್ತಮುತ್ತ ಆ ವರ್ಷಗಳಲ್ಲಿ ಇದೇನೂ ದೊಡ್ಡ ಸುದ್ದಿಯಲ್ಲ. ನಮ್ಮ ಸಬ್‌ಡಿವಿಷನ್ನಿನಲ್ಲೇ ಮನೆಬಿಟ್ಟು ಮನೆಯ ಮುಂದೆ 'ಮಾರಾಟಕ್ಕಿದೆ' ಬೋರ್ಡು ಹಿಮದಲ್ಲಿ ನೆಟ್ಟಿತ್ತು. ಆದರೆ ನಮ್ಮ ಜನರಲ್ಲಿ ಮಾತ್ರ ಕೆಲಸ ಕಳೆದುಕೊಂಡವರು ಒಬ್ಬರೂ ಇರಲಿಲ್ಲ, ಎಲ್ಲರೂ ಕನ್ಸಲ್ಟೆಂಟ್‌ಗಳೇ. ನಿಜ ಗೊತ್ತಿದ್ದ ಒಂದಿಬ್ಬರು ನನ್ನನ್ನು ಅಡುಗೆಮನೆಯ ಮೂಲೆಗೆ ಎಳೆದು ಸಮಾಧಾನ ಹೇಳುತ್ತಿದ್ದರು. "ಹೇಗಿದ್ರೂ ನಿಮ್ಮನೆಯವರ ಕೆಲಸ ಇದೆಯಲ್ಲಾ, ಇನ್ನೇನು ಬೇಕು? ಆರಾಮಾಗಿ ಮನೇಲಿರಿ." ನನ್ನ ಹದಿನಾಲ್ಕು ವರ್ಷ ಅವರ ಲೆಕ್ಕದಲ್ಲಿ ಟೈಂಪಾಸು!

ಆ ದಿನ ವಾಪಸು ಬರುವಾಗ ಕಾರಿನಲ್ಲಿ ನಾನು ತುಟಿ ಪಿಟಕ್ಕೆನ್ನಲಿಲ್ಲ. ನಾನು ಒಪ್ಪಿದೆ ಎಂದುಕೊಂಡರೋ ಏನೋ, ಮರುದಿನ ನೋಡಿದರೆ ಇವರು ನನ್ನ ರೆಸ್ಯೂಮೆಯಲ್ಲೂ 'ಇಂಡಿಪೆಂಡೆಂಟ್ ಕನ್ಸಲ್ಟೆಂಟ್' ಎಂಬ ಸಾಲು ಸೇರಿಸಿಟ್ಟಿದ್ದರು. ಕಾಲೇಜಿನಲ್ಲಿದ್ದ ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. "ಅಮ್ಮಾ, ಯೂ ಆರ್ ನಾಟ್ ಎ ಕನ್ಸಲ್ಟೆಂಟ್" ಎಂದಳು. "ಗೊತ್ತು ಕಣೇ, ನಿಮ್ಮಪ್ಪಂಗೆ ಹೇಳು" ಎಂದೆ. ಅವಳೇಕೆ ಹೇಳುತ್ತಾಳೆ? ನಾನೇ ಆ ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಮಾತ್ರ ತಿಳಿಯಲಿಲ್ಲ.

ಪಿಟೀಲನ್ನು ಬಟ್ಟೆಯ ಕ್ಲಾಸೆಟ್ಟಿನಿಂದ ಹೊರತೆಗೆದದ್ದು ಆ ವಾರವೇ. ಮೈಸೂರಿನಲ್ಲಿ ಹನ್ನೆರಡು ವರ್ಷ ಕಲಿತದ್ದು. ಇಲ್ಲಿಗೆ ಬಂದಮೇಲೆ ವರ್ಷಕ್ಕೊಮ್ಮೆ ಸರಸ್ವತಿ ಪೂಜೆಗೆ ಕುಂಕುಮ ಕಾಣುವುದಷ್ಟೇ ಅದರ ಭಾಗ್ಯವಾಗಿತ್ತು. ಹೀಟರಿನ ಒಣಗಾಳಿಗೆ ಮರ ಬಿರುಕು ಬಿಟ್ಟಿತ್ತು. ರಿಪೇರಿ ಮಾಡುವವರನ್ನು ಹುಡುಕಿಕೊಂಡು ಹೋದರೆ ಸಿಕ್ಕವರು ಎಪ್ಪತ್ತೈದು ದಾಟಿದ ಒಬ್ಬ ಐರಿಷ್ ಮುದುಕ. ಹುಡುಗನಾಗಿದ್ದಾಗ ಐರ್ಲೆಂಡಿನ ಕ್ಲೇರ್ ಎಂಬ ಜಿಲ್ಲೆಯಿಂದ ಬಂದು, ಜೀವಮಾನವೆಲ್ಲ ಕಾರು ಕಾರ್ಖಾನೆಯಲ್ಲಿ ದುಡಿದು, ಈಗ ಗ್ಯಾರೇಜಿನಲ್ಲಿ ಪಿಟೀಲುಗಳಿಗೆ ಅಂಟು ಹಾಕುತ್ತ ಕೂತಿದ್ದರು. ರಿಪೇರಿಯಾದ ಪಿಟೀಲನ್ನು ಪರೀಕ್ಷಿಸಲು ನಾನು ಬೂಟು ಕಳಚಿ, ಗ್ಯಾರೇಜಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ಪಾದದ ಮೇಲೆ ಪಿಟೀಲಿನ ತಲೆ ಊರಿ ನುಡಿಸಿದೆ. ನಮಗೆ ಗೊತ್ತಿರುವುದು ಅದೊಂದೇ ರೀತಿ. ಮುದುಕರು ಕನ್ನಡಕ ಹಣೆಗೇರಿಸಿ ನೋಡಿದರು. ಅವರ ತಂತಿಗಳ ಶ್ರುತಿಯೇ ಬೇರೆ. ತಮ್ಮ ಶ್ರುತಿಗೆ ಏರಿಸಿಕೊಟ್ಟು, ಎರಡು ಹಾಡುಗಳ ಸಿ.ಡಿ. ಕೈಗಿತ್ತು, "ಭಾನುವಾರ ನಾಲ್ಕು ಗಂಟೆಗೆ ಪಬ್ಬಿಗೆ ಬಾ" ಎಂದರು.

ವಾರವೆಲ್ಲ ಬೇಸ್‌ಮೆಂಟಿನಲ್ಲಿ ಅಭ್ಯಾಸ. ಅವರ ಕುಣಿತದ ಹಾಡುಗಳಲ್ಲಿ ಜಿಗ್ ಎಂಬುದು ಕೇಳಿದೊಡನೆ ಅರ್ಥವಾಯಿತು: ತಕಿಟ ತಕಿಟ. ರೀಲ್ ಎಂದರೆ ತಕದಿಮಿ. ಹೊಸ ಶ್ರುತಿಯಲ್ಲಿ ಬೆರಳುಗಳಿಗೆ ದಾರಿ ತಪ್ಪುತ್ತಿತ್ತು, ಪರವಾಗಿಲ್ಲ. ನೋಟ್‌ಬುಕ್ಕಿನಲ್ಲಿ ಎರಡನ್ನೂ ಸರಿಗಮದಲ್ಲಿ ಬರೆದುಕೊಂಡು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಕಛೇರಿಗೆ ಹೊರಟವಳ ಹಾಗೆ ಪಬ್ಬಿಗೆ ಹೋದೆ.

ಅಲ್ಲಿ ದುಂಡು ಮೇಜಿನ ಸುತ್ತ ಏಳೆಂಟು ಜನ ಕುರ್ಚಿಗಳಲ್ಲಿ ಕೂತಿದ್ದರು. ವೇದಿಕೆಯಿಲ್ಲ, ಮೈಕಿಲ್ಲ, ಕೇಳಲೆಂದೇ ಬಂದವರೂ ಇಲ್ಲ. ಕುರ್ಚಿಯಲ್ಲಿ ಕೂತರೆ ನನಗೆ ಪಿಟೀಲು ನಿಲ್ಲುವುದಿಲ್ಲವಲ್ಲ. ಕೋಟನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿ ಕೂತೆ. ಪಕ್ಕದಲ್ಲಿದ್ದ ಹೆಂಗಸು ಗದ್ದದಡಿ ಹಿಡಿಯುವುದನ್ನು ಕಲಿಸುತ್ತೇನೆಂದಳು. "ಬೇಡ, ಥ್ಯಾಂಕ್ಸ್" ಎಂದೆ. ನನಗೆ ಬಂದ ಜಿಗ್ ಶುರುವಾಯಿತು, ಸೇರಿಕೊಂಡೆ. ಎರಡನೆಯ ಸುತ್ತಿಗೆ ಧೈರ್ಯ ಬಂತು, ಗಮಕ ಹಾಕಿದೆ. ಮೂರನೆಯ ಸುತ್ತಿನಲ್ಲಿ ಒಂದು ಸಾಲನ್ನು ಹಿಡಿದುಕೊಂಡು ಸ್ವಲ್ಪ ಬೆಳೆಸಿದೆ. ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದರು. ಎಂಥ ಸಂಸ್ಕಾರವಂತರು, ನನಗೆ ಅವಕಾಶ ಬಿಟ್ಟುಕೊಟ್ಟರಲ್ಲ ಎಂದುಕೊಂಡೆ! ನಮ್ಮ ಕಛೇರಿಗಳಲ್ಲಿ ಉಳಿದವರು ಸುಮ್ಮನಾದರೆ ಅರ್ಥ ಅದೇ ತಾನೇ? ಕಣ್ಣು ಮುಚ್ಚಿ ಐದು ನಿಮಿಷ ವಿಸ್ತಾರ ಮಾಡಿದೆ. ಕೊನೆಗೆ ಒಂದೇ ಮುಕ್ತಾಯವನ್ನು ಮೂರು ಸಲ ನುಡಿಸಿ ಸಮಕ್ಕೆ ಬಂದು, ಚಪ್ಪಾಳೆಗಾಗಿ ಕಣ್ಣು ಬಿಟ್ಟೆ.

ಒಬ್ಬರು ತಮ್ಮ ಗ್ಲಾಸನ್ನು ನೋಡುತ್ತಿದ್ದರು, ಇನ್ನೊಬ್ಬರು ಕೊಳಲಿನ ಜೋಡಣೆ ಬಿಚ್ಚಿ ಒರೆಸುತ್ತಿದ್ದರು. ಮುದುಕರು ಬಗ್ಗಿ ಮೆಲ್ಲನೆ ಹೇಳಿದರು: "ಚೆನ್ನಾಗಿತ್ತಮ್ಮ. ಆದರೆ ಇಲ್ಲಿ ನಾವು ಕೇಳಿಸುವುದಕ್ಕೆ ನುಡಿಸುವುದಲ್ಲ, ಜೊತೆಗೆ ನುಡಿಸುವುದು. ಎಲ್ಲರೂ ಸುಮ್ಮನಾದರು ಅಂದರೆ ಮೆಚ್ಚಿದರು ಅಂತ ಅಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮನೆಗೆ ಬಂದು ಚೆನ್ನಾಗಿ ಅತ್ತೆ. ಕಂಪನಿಗೂ ಬೇಡ, ಪಬ್ಬಿಗೂ ಬೇಡ. ಇವರು ಟಿಶ್ಯೂ ಡಬ್ಬ ಮುಂದಿಟ್ಟು, "ಬಿಟ್ಬಿಡು, ನಮ್ಮಂಥೋರಿಗೆ ಆ ಜಾಗ ಅಲ್ಲ" ಎಂದರು. ಅಷ್ಟು ಸಾಕಾಯಿತು. ಮುಂದಿನ ಭಾನುವಾರ ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಅದೇ ನೆಲದ ಮೇಲೆ ಕೂತಿದ್ದೆ. ಗೊತ್ತಿಲ್ಲದ್ದು ಬಂದಾಗ ಕಮಾನು ಮಡಿಲಲ್ಲಿಟ್ಟು ಬಾಯಿ ಮುಚ್ಚಿಕೊಂಡಿದ್ದೆ. ಗೊತ್ತಿದ್ದದ್ದು ಬಂದಾಗ, ಮೇಷ್ಟರು ಪಾಠ ಹೇಳಿದಂತೆ, ಮುದುಕರು ಹೇಗೆ ನುಡಿಸಿದರೋ ಹಾಗೆಯೇ, ಒಂದು ಸ್ವರ ಹೆಚ್ಚಿಲ್ಲ ಕಡಿಮೆಯಿಲ್ಲ. ಏಪ್ರಿಲ್ ಹೊತ್ತಿಗೆ ನನಗೆ ನಲವತ್ತು ಹಾಡು ಬರುತ್ತಿತ್ತು. ನಾನು ಬರುವ ಮೊದಲೇ ಯಾರೋ ಆ ಜಾಗವನ್ನು ಒರೆಸಿ ಇಡುತ್ತಿದ್ದರು.

ಸುದ್ದಿ ಹಬ್ಬದೇ ಇರುತ್ತದೆಯೇ? ದೇವಸ್ಥಾನದಲ್ಲಿ ಒಬ್ಬ ಆಂಟಿ ತಡೆದು ನಿಲ್ಲಿಸಿದರು. "ಏನಮ್ಮಾ, ಬಾರ್‌ನಲ್ಲಿ ನೆಲದ ಮೇಲೆ ಕೂತು ಪಿಟೀಲು ನುಡಿಸ್ತೀಯಂತೆ?"

"ಹೌದು ಆಂಟಿ. ನೆಲ ಚೆನ್ನಾಗಿ ಒರೆಸಿರ್ತಾರೆ, ನೀವೂ ಬನ್ನಿ" ಎಂದೆ. ಇವರು ಪ್ರಸಾದದ ಸಾಲಿನಲ್ಲಿ ನನಗೆ ಬೆನ್ನು ತಿರುಗಿಸಿ ನಿಂತಿದ್ದರು. ಆಂಟಿಯ ಮಾತು ನನಗೆ ನಾಟಲಿಲ್ಲ. ಆ ಬೆನ್ನು ನಾಟಿತು. ಇಪ್ಪತ್ತು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ನನ್ನಿಂದ ನಾಚಿಕೆಯಾಗುತ್ತಿದೆಯಲ್ಲ ಎಂಬುದೇ ಆಗ ನನ್ನನ್ನು ಕೊರೆಯುತ್ತಿದ್ದದ್ದು. ಕೆಲಸ ಸಿಗುತ್ತದೋ ಬಿಡುತ್ತದೋ ಅದು ಆಮೇಲಿನ ಮಾತು.

ಮದುವೆಯ ಇಪ್ಪತ್ತನೆಯ ವರ್ಷಕ್ಕೆಂದು ಐರ್ಲೆಂಡಿಗೆ ಹೋಗುವುದು ನನ್ನದೇ ಹಟ. ಇವರ ಬಳಿ ಪುಕ್ಕಟೆ ಟಿಕೆಟ್ಟಿಗೆ ಸಾಕಾಗುವಷ್ಟು ವಿಮಾನದ ಮೈಲುಗಳು ಕೂಡಿದ್ದವು, ನನ್ನ ಬಳಿ ಕಾಲವೇ ಕೂಡಿತ್ತು. "ಇಂಥ ಟೈಮಲ್ಲಿ ಟೂರಾ? ಜನ ಏನಂತಾರೆ?" ಎಂದರು. "ಕನ್ಸಲ್ಟಿಂಗ್‌ಗೆ ಹೋಗಿದಾಳೆ ಅನ್ನಿ" ಎಂದೆ.

ಅಲ್ಲಿ ಕಾರು ಓಡಿಸುವುದು ಎಡಗಡೆ, ಕೈಯಲ್ಲಿ ಗೇರು. ಇವರು ಡ್ರೈವಿಂಗ್ ಕಲಿತದ್ದೇ ಅಮೆರಿಕದಲ್ಲಿ. ನಾನೋ ಮೈಸೂರಿನಲ್ಲಿ ಅಪ್ಪನ ಫಿಯೆಟ್ಟಿನಲ್ಲಿ ಕಲಿತವಳು! ಸ್ಟಿಯರಿಂಗ್ ಬಲಕ್ಕೆ ಬಂದೊಡನೆ ಕೈಕಾಲುಗಳಿಗೆ ಎಲ್ಲ ನೆನಪಾಯಿತು. ಇಕ್ಕೆಲಕ್ಕೂ ಕಲ್ಲುಗೋಡೆ, ಒಂದೇ ಕಾರು ಹಿಡಿಸುವ ರಸ್ತೆ, ತಿರುವಿನಲ್ಲಿ ಕುರಿಮಂದೆ. ಇವರು ಎಡಗಡೆ ಕೂತು ಇಲ್ಲದ ಬ್ರೇಕನ್ನು ತುಳಿದು ತುಳಿದು ಸುಸ್ತಾದರು. "ನಿಧಾನ ಕಣೇ!" ಎಂದು ಗಾಲ್ವೇ ಊರಿನಿಂದ ಕ್ಲೇರ್‌ವರೆಗೂ ಕೂಗಿದರು. ಅಷ್ಟು ದಿನ ನನ್ನ ಜೀವನಕ್ಕೆ ಇವರೇ ದಾರಿ ಹೇಳುತ್ತಿದ್ದರಲ್ಲ, ಈಗ ಜೀವ ಬಾಯಿಗೆ ಬಂದವರ ಹಾಗೆ ಸೀಟಿಗಂಟಿ ಕೂತಿದ್ದನ್ನು ನೋಡಿ ನನಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ.

ಮುದುಕರ ಊರಿನ ಪಬ್ಬಿನಲ್ಲಿ ಹಾಸಿದ್ದು ಚಪ್ಪಡಿಕಲ್ಲು. ನುಡಿಸುತ್ತಿದ್ದವರ ಪಕ್ಕದಲ್ಲಿ ನನ್ನ ಪಿಟೀಲಿನೊಡನೆ ಕೋಟು ಹಾಸಿ ಕೂತೆ. ಪಬ್ಬಿನ ಒಡತಿ ಅಜ್ಜಿ "ಸೊಂಟ ನೋಯಲ್ವಾ ಮಗಳೇ?" ಎಂದು ಕೇಳಿ ಒಂದು ದಿಂಬು ಕೊಟ್ಟಳು, ಅಷ್ಟೇ. ಬಹಳ ಹೊತ್ತು ಸುಮ್ಮನೆ ಕೇಳಿದೆ. ಆಮೇಲೆ ಒಂದನ್ನು ನೀನೇ ಶುರು ಮಾಡು ಎಂದರು. ಮುದುಕರು ಕಲಿಸಿದ ಜಿಗ್ ಎತ್ತಿಕೊಂಡೆ. ಎಲ್ಲರೂ ಸೇರಿದರು, ಆದರೆ ಎರಡನೆಯ ಭಾಗದಲ್ಲಿ ಅವರು ಒಂದು ಕಡೆ ತಿರುಗಿದರು, ನಾನು ಇನ್ನೊಂದು ಕಡೆ. ಒಬ್ಬೊಬ್ಬರಾಗಿ ನಿಲ್ಲಿಸಿದರು. ಆದರೂ ಬಿಡಲಿಲ್ಲ. ಬೆಳೆಸಲಿಲ್ಲ, ಅಲಂಕರಿಸಲಿಲ್ಲ, ಪಾಠವಾದಂತೆಯೇ ಮೂರು ಸುತ್ತು ನುಡಿಸಿ ಮುಗಿಸಿದೆ.

ಪಿಟೀಲು ಹಿಡಿದ ಇನ್ನೊಬ್ಬ ಹಿರಿಯರು ಕೇಳಿದರು: "ಈ ಹಾಡನ್ನು ನಿನಗೆ ಯಾರು ಕೊಟ್ಟರು?" ಹೇಳಿದೆ. "ಇದು ಅವರ ಅಪ್ಪನ ಧಾಟಿ. ಈ ತಿರುವು ಈ ಊರಲ್ಲಿ ಈಗ ಯಾರಿಗೂ ಬರುವುದಿಲ್ಲ. ಇನ್ನೊಮ್ಮೆ ನುಡಿಸು." ಇನ್ನೊಮ್ಮೆ ನುಡಿಸಿದೆ, ಮತ್ತೊಮ್ಮೆ ನುಡಿಸಿದೆ. ನಾಲ್ಕನೆಯ ಸಲಕ್ಕೆ ಅವರೆಲ್ಲರೂ ನನ್ನ ಜೊತೆ ಆ ತಿರುವಿನಲ್ಲಿ ತಿರುಗಿದರು. ತಲೆಯೆತ್ತಿ ನೋಡಿದರೆ ಇವರು ಬಾಗಿಲ ಬಳಿ ನಿಂತು ತೊಡೆಯ ಮೇಲೆ ತಕಿಟ ಹಾಕುತ್ತಿದ್ದರು, ತಪ್ಪು ತಪ್ಪಾಗಿ. ವಾಪಸು ಕಾರಿನಲ್ಲಿ ಇವರು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸುಮ್ಮನಿದ್ದದ್ದಕ್ಕೆಲ್ಲ ಅರ್ಥ ಕಟ್ಟುವುದನ್ನು ನಾನು ಬಿಟ್ಟಿದ್ದೆ.

ಮನೆಗೆ ಬಂದು ರೆಸ್ಯೂಮೆಯ ಖಾಲಿ ಜಾಗದಲ್ಲಿ ಬರೆದೆ: ಸಂಗೀತ ನುಡಿಸಿದೆ, ಐರ್ಲೆಂಡ್ ಸುತ್ತಿದೆ. ಎರಡು ಕಂಪನಿಯವರು ಅದನ್ನು ಓದಿ ನಕ್ಕು ಬೀಳ್ಕೊಟ್ಟರು. ಮೂರನೆಯ ಇಂಟರ್‌ವ್ಯೂ ಬೋಲಿಂಗ್‌ಬ್ರೂಕ್‌ನಲ್ಲಿ, ಗೋದಾಮುಗಳಿಗೆ ಯಂತ್ರ ಮಾಡಿಕೊಡುವವರದು. ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಹೋದೆವು. "ಹತ್ತು ತಿಂಗಳು ಪಬ್ಬಿನಲ್ಲಿ ಕೂತು ಏನು ಕಲಿತಿರಿ?" ಎಂದು ಅವರು ಕೇಳಿದರು. "ಕೋಣೆಯಲ್ಲಿ ಎಲ್ಲರೂ ಸುಮ್ಮನಾದರೆ ಒಪ್ಪಿದರು ಅಂತ ಅರ್ಥವಲ್ಲ ಎಂಬುದನ್ನು" ಎಂದೆ. ಆ ಕೆಲಸವೂ ಸಿಗಲಿಲ್ಲ. ಮುಂದಿನ ವರ್ಷ ಬೇರೆಲ್ಲೋ ಸಿಕ್ಕಿತು, ಅದೇ ಸಾಲಿದ್ದ ರೆಸ್ಯೂಮೆಗೆ.

ಆ ದಿನ ಇಂಟರ್‌ವ್ಯೂ ಮುಗಿಸಿ ಅಲ್ಲೇ ಹತ್ತಿರದ ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋದೆವು. ಕೆಳಗಿನ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತಿದ್ದಾಗ ಇವರ ಕಾಲೇಜಿನ ಹಳೆಯ ಗೆಳೆಯರೊಬ್ಬರು ಹೆಂಡತಿಯೊಡನೆ ಎದುರಾದರು. ಯೋಗಕ್ಷೇಮವೆಲ್ಲ ಆಯಿತು. ಕೊನೆಗೆ ಬರಬೇಕಾದ ಪ್ರಶ್ನೆ ಬಂದೇ ಬಂತು. "ಮತ್ತೆ, ಮೇಡಂ ಈಗ ಏನ್ ಮಾಡ್ತಿದಾರೆ?"

ನಾನು ಕಾಗದದ ತಟ್ಟೆಯಲ್ಲಿದ್ದ ಕಡಲೆಬೀಜಗಳನ್ನೇ ನೋಡುತ್ತ ನಿಂತೆ. ಬಾಯಿ ಬಿಡಬಾರದೆಂದು ನಿರ್ಧರಿಸಿದ್ದೆ. ಇವರು ತುತ್ತು ನುಂಗಿ, ನೀರು ಕುಡಿದರು.

"ಕೆಲಸ ಹೋಯ್ತು ಕಣಯ್ಯ" ಎಂದರು. "ಪಿಟೀಲು ನುಡಿಸ್ತಾಳೆ. ಪಬ್ಬಲ್ಲಿ."

ಗೆಳೆಯರೂ ಅವರ ಹೆಂಡತಿಯೂ ಸುಮ್ಮನಾದರು. ಇವರು ಮಾತ್ರ ನಿಲ್ಲಿಸಲಿಲ್ಲ.

"ನೆಲದ ಮೇಲೆ ಕೂತು" ಎಂದು ಸೇರಿಸಿದರು.