ಅಕ್ಕನ ಆರನೆಯ ಬೆರಳು

ಅಕ್ಕ ಕೈ ಚಾಚಿದಾಗ ನಾನು ಹಿಡಿಯಲಿಲ್ಲ. ಅವಳ ಬಲಗೈಯ ಕಿರುಬೆರಳಿನ ಪಕ್ಕದಲ್ಲಿ ಇನ್ನೊಂದು ಹೆಬ್ಬೆರಳಿತ್ತು. ಬೂದು ಬಣ್ಣದ್ದು, ಹಲ್ಲಿಯ ಬಾಲದ ಹಾಗೆ ಬಳುಕುವಂಥದ್ದು.

ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಮಾಡಿದ ಯಂತ್ರ ಅದು. ಕೈ ಊನವಾದವರಿಗಲ್ಲ, ಎರಡೂ ಕೈ ಸರಿ ಇರುವವರಿಗೆ. ಹೆಚ್ಚಿನದೊಂದು ಬೆರಳು ಕೊಟ್ಟರೆ ಮನುಷ್ಯರು ಅದನ್ನು ಪಳಗಿಸಿಕೊಳ್ಳುತ್ತಾರೋ ಎಂದು ನೋಡುವುದಂತೆ. ಬೆರಳಿನ ಕೆಲಸದವರನ್ನು ಹುಡುಕಿಕೊಂಡು ಕಾಪುವಿನ ಹತ್ತಿರದ ನಮ್ಮ ಊರಿಗೂ ಬಂದರು. ಅಕ್ಕ, ತಂಗಿ ನಾವಿಬ್ಬರೂ ಸಣ್ಣಂದಿನಿಂದ ಮಲ್ಲಿಗೆ ಕಟ್ಟುವವರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ, ಅಕ್ಕ ಅದಕ್ಕೂ ಮೊದಲೇ. ಪ್ರಯೋಗಕ್ಕೆ ಮನೆಗೆ ಒಬ್ಬರು ಸಾಕೆಂದರು ಆ ಪ್ರಯೋಗಾಲಯದವರು. ಅವರು ಹೇಳಿ ಮುಗಿಸುವ ಮೊದಲೇ ಅಕ್ಕ, “ನೋಡುವ, ಎಂತ ಆಗ್ತದೆ ಅಂತ,” ಎಂದಳು. ಅದು ಅವಳ ಮಾತು. ಹಾಳಾದ ಮಿಕ್ಸಿ ಬಿಚ್ಚುವಾಗಲೂ ಅದೇ. ಬಸ್ಸಿನಲ್ಲಿ ಕಂಡಕ್ಟರನ ಟಿಕೆಟ್ ಯಂತ್ರವನ್ನು ಕೇಳಿ ತೆಗೆದುಕೊಂಡು ತಿರುಗಿಸಿ ನೋಡಿದವಳು ಅವಳು.

ಆ ಬೆರಳು ಓಡುವುದು ಕಾಲಿನಿಂದ. ಕಾಲಿನ ಹೆಬ್ಬೆರಳುಗಳ ಅಡಿಗೆ ಒಂದೊಂದು ಬಿಲ್ಲೆ. ಒತ್ತಿದರೆ ಕೈಯ ಮೇಲಿನದು ಮಡಚುತ್ತದೆ. ಅಭ್ಯಾಸಕ್ಕೆಂದು ಮನೆಗೂ ಕೊಟ್ಟಿದ್ದರು. ಮೊದಲ ದಿನವೇ ಎಡವಟ್ಟಾಯಿತು. ನಮ್ಮ ಮನೆಯಲ್ಲಿ ಹೂ ಕಟ್ಟುವಾಗ ಬಾಳೆನಾರಿನ ತುದಿಯನ್ನು ಸಿಕ್ಕಿಸುವುದು ಕಾಲಿನ ಹೆಬ್ಬೆರಳಿಗೇ. ನಾರು ಎಳೆದಾಗಲೆಲ್ಲ ಕಾಲು ಬಿಗಿಯಿತು, ಯಂತ್ರ ಥಟ್ಟನೆ ಮಡಚಿ ಮೊಗ್ಗುಗಳನ್ನು ಹಾರಿಸಿತು. ಅಕ್ಕನಿಗೆ ನಗು ತಡೆಯಲಿಲ್ಲ. “ಇದಕ್ಕೆ ನನಗಿಂತ ಅವಸರ ಮಾರಾಯ್ತಿ!”

ನಾರನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡಳು. ಸ್ವಲ್ಪ ದಿನದಲ್ಲಿ ಮೊಗ್ಗುಗಳನ್ನು ಆ ಬೆರಳಲ್ಲೇ ಒತ್ತಿ ಹಿಡಿದು ಉಳಿದ ಬೆರಳುಗಳಲ್ಲಿ ಗಂಟು ಹಾಕತೊಡಗಿದಳು. ಕಾಲಿನ ಕಡೆ ನೋಡುತ್ತಲೂ ಇರಲಿಲ್ಲ.

ಅವತ್ತು ನೆರೆಯ ಹೆಂಗಸರೂ ಜಗಲಿಯಲ್ಲಿದ್ದರು. ಅವರನ್ನೆಲ್ಲ ಬಿಟ್ಟು ಅಕ್ಕ ನನ್ನತ್ತ ಕೈ ಚಾಚಿದಳು. “ಮೊದಲು ನೀನು ಹಿಡಿ. ಮುಟ್ಟಿದ್ದು ನನಗೆ ಗೊತ್ತಾಗ್ತದೋ ನೋಡುವ.”

“ಛೀ, ತೆಗಿ ಅಕ್ಕ! ಈ ಪ್ರಾಯದಲ್ಲಿ ನಿನಗೆ ಇದೆಂತ ಮಂಗಾಟ?”

ಹೆಂಗಸರು ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ನನ್ನೆದುರು ಅವಳು ಅದನ್ನು ಹಾಕಲೇ ಇಲ್ಲ. ಬಚ್ಚಲಿನ ಹಿಂದೆ ಕೂತು ಅಭ್ಯಾಸ ಮಾಡುತ್ತಿದ್ದಳು. ಒಮ್ಮೆ ಅಡುಗೆಮನೆಯ ಕಿಟಕಿಯಿಂದ ಕಂಡೆ: ಲೋಟ ಹಿಡಿದ ಕೈಯಲ್ಲೇ ಚಮಚ ತಿರುಗಿಸುತ್ತಿದ್ದಾಳೆ. ಹತ್ತಿರ ಹೋಗಿ ನೋಡಬೇಕೆಂದು ಜೀವ ಎಳೆಯಿತು. ಹೋಗಲಿಲ್ಲ.

ಪ್ರಯೋಗ ಮುಗಿದು ಯಂತ್ರ ಮಣಿಪಾಲಕ್ಕೆ ವಾಪಸು ಹೋಯಿತು. ಮೊನ್ನೆ ಕಾರ್ಕಳದಲ್ಲಿ ಮದುವೆಯ ಊಟಕ್ಕೆ ನಾವಿಬ್ಬರೂ ಪಕ್ಕ ಪಕ್ಕ ಕೂತಿದ್ದೆವು. ಅಕ್ಕನ ಕೈ ಅನ್ನದಲ್ಲಿತ್ತು. ಎಲೆಯ ಬದಿಯ ನೀರಿನ ಲೋಟ ವಾಲಿದಾಗ ಮೇಜಿನ ಕೆಳಗೆ ಅವಳ ಕಾಲಿನ ಹೆಬ್ಬೆರಳು ನೆಲವನ್ನು ಗಟ್ಟಿಯಾಗಿ ಒತ್ತಿತು. ನೀರು ಚೆಲ್ಲಿತು. ನಾನು ಅವಳ ಕಾಲನ್ನೇ ನೋಡುತ್ತಿದ್ದುದು ಅವಳಿಗೆ ತಿಳಿಯಿತು.

“ಅದು ಹೋಗಿದೆ ಅಂತ ಕಾಲಿಗೆ ಇನ್ನೂ ಗೊತ್ತಾಗಲಿಲ್ಲ,” ಎಂದಳು, ಮೆಲ್ಲಗೆ.

ಬಡಿಸುವವರು ಮುಂದೆ ಹೋಗುವ ತನಕ ಕಾದೆ.

“ಅಕ್ಕ, ಅವತ್ತು ನನಗೆ ಅಸಹ್ಯ ಆದದ್ದಲ್ಲ. ಹೊಟ್ಟೆಕಿಚ್ಚು. ನನಗೂ ಅದು ಬೇಕಿತ್ತು. ನೀನು ಕಲಿತದ್ದನ್ನು ನೋಡುವುದು ಬಿಟ್ಟು ಎಲ್ಲರ ಎದುರು ನಿನ್ನನ್ನು ಸಣ್ಣ ಮಾಡಿದೆ. ನನ್ನದು ತಪ್ಪಾಯಿತು.”