ಪಾದದ ಕೆಳಗಿನ ಹೆಸರು

ನಮ್ಮ ಮನೆಯ ಅಕ್ಕಿ ಡ್ರಮ್ಮಿಗೆ ಮುಚ್ಚಳವಾಗಿ ಒಂದು ಗ್ರಾಮಫೋನ್ ತಟ್ಟೆಯ ರಟ್ಟಿನ ಹೊದಿಕೆ ಕೂತಿದೆ. ಮಂಡ್ಯದ ಗುಜರಿ ಅಂಗಡಿಗೆ ಹಳೆಯ ಪೇಪರು ಹಾಕಲು ಹೋದವನು ಅದರ ಮೇಲಿನ ಚಿತ್ರಕ್ಕೆ ಮರುಳಾಗಿ ಎತ್ತಿಕೊಂಡು ಬಂದೆ. ಒಳಗೆ ತಟ್ಟೆಯೇ ಇರಲಿಲ್ಲ. ಇದು ಪ್ರೋಗ್ರೆಸಿವ್ ರಾಕ್ ಎಂಬ ಜಾತಿಯ ಪರದೇಶಿ ಸಂಗೀತವೆಂದು ಕಾಲೇಜಿನಲ್ಲಿ ಪಾಠ ಹೇಳುವ ನನ್ನ ತಂಗಿಯ ಮಗ ತಿಳಿಸಿಕೊಟ್ಟ. ಅದರಲ್ಲಿ ಕೆಲವು ಹಾಡು ಮದ್ದೂರಿನಲ್ಲಿ ಬಸ್ಸು ಹತ್ತಿದರೆ ಮಂಡ್ಯ ಬಂದರೂ ಮುಗಿಯುವುದಿಲ್ಲವಂತೆ. ಚಿತ್ರದಲ್ಲಿ ಒಂದು ಮುದಿ ಆನೆ, ಆನೆಯ ಬೆನ್ನ ಮೇಲೆ ಒಂದು ಊರು, ಊರಿನ ನಡುವೆ ಕೆರೆ, ಕೆರೆಯ ಏರಿಯ ಮೇಲೆ ಯಾರನ್ನೋ ಕಾಯುತ್ತ ನಿಂತ ಹೆಂಗಸು. ಅವಳು ಯಾರನ್ನು ಕಾಯುತ್ತಿದ್ದಾಳೆಂದು ಅಕ್ಕಿ ಅಳೆಯುವಾಗಲೆಲ್ಲ ಯೋಚಿಸುತ್ತೇನೆ.

ಹಿಂಬದಿಯಲ್ಲಿ ಹೆಸರುಗಳ ಸಂತೆಯೇ ಇದೆ. ಹಾಡಿದವರು, ಬಾರಿಸಿದವರು, ಮೈಕು ಹಿಡಿದವರು, ಹೊತ್ತಿಗೆ ಸರಿಯಾಗಿ ಊಟ ಕೊಟ್ಟ ಪುಣ್ಯಾತ್ಮರು ಎಲ್ಲರೂ ಇದ್ದಾರೆ. ಚಿತ್ರ ಬರೆದವನೊಬ್ಬ ಇಲ್ಲ. ಹೆಂಡತಿಯ ಕನ್ನಡಕವನ್ನೂ ಹಾಕಿಕೊಂಡು ಹುಡುಕಿದೆ, ಸಿಗಲಿಲ್ಲ. ಆ ತಟ್ಟೆಗಳ ಕಾಲದಲ್ಲಿ ಜನ ಇಂಥ ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಚಿತ್ರದೊಳಗೆ ನಡೆದಾಡುತ್ತ ಹಾಡು ಕೇಳುತ್ತಿದ್ದರಂತೆ. ಅಂಥ ಚಿತ್ರ ಬರೆದವರಲ್ಲಿ ನಾಲ್ಕಾರು ಮಂದಿಗೆ ಹೆಸರು ಬಂತು, ಉಳಿದವರನ್ನು ಯಾರೂ ಕೇಳಲಿಲ್ಲವಂತೆ. ತಂಗಿಯ ಮಗ ಇಷ್ಟು ಹೇಳಿ, ಕಾಫಿ ಕುಡಿದು ಎದ್ದುಹೋದ. ನಾನು ಏಳಲಾಗದೆ ಕೂತೆ, ಏಕೆಂದರೆ ಅಂಥ ಒಂದು ಹೆಸರನ್ನು ಅಳಿಸಿದವನು ನಾನೇ.

ಮದ್ದೂರಿನ ಬೋರಯ್ಯ, ನಮಗೆಲ್ಲ ಬೋರಣ್ಣ, ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಕ್ಯಾಸೆಟ್ಟಿನ ಕಾಲದಲ್ಲಿ ನಮ್ಮ ಸೀಮೆಯ ಸೋಬಾನೆ, ತಂಬೂರಿ ಪದ, ಊರಮ್ಮಂದಿರ ಹಾಡುಗಳಿಗೆಲ್ಲ ಮೇಲಿನ ಚಿತ್ರ ಅವರದೇ. ಅವರ ಹೆಂಡತಿಯ ತವರು ಕೊಕ್ಕರೆ ಬೆಳ್ಳೂರು. ಅಲ್ಲಿ ಗೂಡು ಕಟ್ಟಲು ಬರುವ ಹಕ್ಕಿಗಳನ್ನು ಹೆರಿಗೆಗೆ ಬಂದ ಹೆಣ್ಣುಮಕ್ಕಳೆಂದೇ ನೋಡುತ್ತಾರೆ. ಹಾಗಾಗಿ ಬೋರಣ್ಣನ ಯಾವ ಅಮ್ಮನವರ ಪಕ್ಕದಲ್ಲೂ ಒಂದು ಬಸುರಿ ಕೊಕ್ಕರೆ ನಿಂತಿರುತ್ತಿತ್ತು. ದೇವಿಯ ಪಾದ ಬರೆಯುವ ದಿನ ಮಿಂದು, ಬರಿಗಾಲಲ್ಲಿ ಕೂತು, ಬರೆದಾದ ಮೇಲೆ ಪಾದದ ಕೆಳಗೆ ತಮ್ಮ ಹೆಸರು ಹಾಕುತ್ತಿದ್ದರು. ದೇವಸ್ಥಾನದ ಮೆಟ್ಟಿಲಿಗೆ ಕಲ್ಲು ಕೊಟ್ಟವರು, ಭಕ್ತರ ಕಾಲಧೂಳು ಬೀಳಲೆಂದು ಅದರ ಮೇಲೆ ತಮ್ಮ ಹೆಸರು ಕೆತ್ತಿಸುತ್ತಾರಲ್ಲ, ಹಾಗೆ.

ಆ ಚಿತ್ರಗಳು ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮೆಷೀನು ನನ್ನದು. ಚಿತ್ರ ಯಾವಾಗಲೂ ಕ್ಯಾಸೆಟ್ಟಿನ ಡಬ್ಬಿಯ ಅಳತೆಗಿಂತ ಒಂದು ಬೆರಳು ಉದ್ದ. ಮೇಲೆ ಕತ್ತರಿಸೋಣವೆಂದರೆ ಅಮ್ಮನ ಕಿರೀಟ, ಕೆಳಗೆ ಕತ್ತರಿಸೋಣವೆಂದರೆ ಪಾದ. ಕೈಮುಗಿದು, ಪಾದಕ್ಕೆ ತಾಗದ ಹಾಗೆ, ಹೆಸರಿದ್ದ ಅಂಚಿನ ಪಟ್ಟಿಯನ್ನಷ್ಟೇ ಬ್ಲೇಡಿಗೆ ಕೊಡುತ್ತಿದ್ದೆ. ದೇವರಿಗೆ ಅಪಚಾರವಾಗಲಿಲ್ಲವೆಂದು ನಿಶ್ಚಿಂತೆಯಿಂದ ಮನೆಗೆ ಬರುತ್ತಿದ್ದೆ. ಬರುವಾಗ ಆ ಪಟ್ಟಿಗಳನ್ನು ಚೀಲಕ್ಕೆ ತುಂಬಿ ತಂದು ನೀರೊಲೆಗೆ ಹಾಕುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಎಷ್ಟೋ ವರ್ಷ ನಾನು ಮಿಂದದ್ದು ಬೋರಣ್ಣನ ಹೆಸರು ಉರಿಸಿ ಕಾಯಿಸಿದ ನೀರಿನಲ್ಲಿ.

ಹೋದ ತಿಂಗಳು ಅವರ ಮಗಳು ಭಾಗ್ಯ ಒಂದು ಚೀಲ ಹಳೆಯ ಕ್ಯಾಸೆಟ್ಟು ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ಮಂಡ್ಯದಲ್ಲಿ ಆ ಕಾಲದ ಜನಪದ ಕ್ಯಾಸೆಟ್ಟುಗಳ ಕಲಾವಿದರಿಗೆಲ್ಲ ಸನ್ಮಾನವಂತೆ. ಡಬ್ಬಿಯ ಮೇಲೆ ಹೆಸರಿದ್ದವರನ್ನೆಲ್ಲ ಕರೆದಿದ್ದಾರೆ.

"ಅಪ್ಪನ್ನ ಕರೀನಿಲ್ಲ ಮಾವ. ಎಲ್ಲಾದ್ರೂ ಎಸ್ರು ಇದ್ರೆ ತೋರ್ಸಿ ಅಂತವ್ರೆ. ಒಂದ್ರಾಗೂ ಇಲ್ಲ. ನೀವು ಅದೇ ಪ್ರೆಸ್ಸಲ್ಲಿದ್ರಲ್ಲ, ಅಪ್ಪ ಎಸ್ರೇ ಬರೀತಿರ್ನಿಲ್ವಾ?"

ಬೋರಣ್ಣನ ಎದುರಿಗೇ ಹೇಳುತ್ತೇನೆಂದು ಅವಳ ಜೊತೆ ಮದ್ದೂರಿನ ಬಸ್ಸು ಹತ್ತಿದೆ.

ಬೋರಣ್ಣ ಜಗಲಿಯ ಮೇಲೆ ಕೂತಿದ್ದರು, ಬಲಗೈ ನಿಲ್ಲದೆ ಅದುರುತ್ತಿತ್ತು. ಇನ್ನು ಆ ಕೈ ಹೊಸದಾಗಿ ಏನನ್ನೂ ಬರೆಯದು, ಬರೆದದ್ದರಲ್ಲಿ ಹೆಸರಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಬ್ಲೇಡು, ಪಟ್ಟಿ, ನೀರೊಲೆ, ಒಂದನ್ನೂ ಬಿಡಲಿಲ್ಲ. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಗೊತ್ತಿತ್ತು ಕಣ್ಲಾ," ಎಂದರು. "ಮೊದಲ್ನೇ ಕ್ಯಾಸೆಟ್ಟು ಕೈಗೆ ಬಂದಾಗ್ಲೇ ಗೊತ್ತಾಯ್ತು. ಆಮ್ಯಾಕೆ ಬೇಕಂತ್ಲೇ ಪಾದದ ಕೆಳ್ಗೆ ಒಂದು ಬೆರ್ಳಗಲ ಜಾಗ ಬುಟ್ಟು ಎಸ್ರು ಬರೀತಿದ್ದೆ. ಕುಯ್ಯೋಕೆ ನಿಂಗೇನಾದ್ರೂ ಬೇಕಲ್ಲ. ಎಸ್ರು ಇಲ್ದಿದ್ರೆ ನೀನು ತಾಯಿ ಪಾದ ಕುಯ್ದುಬುಡ್ತಿದ್ದೆ."

ಪಾದ ಉಳಿಸಿದ ಪುಣ್ಯ ನನ್ನದೆಂದು ಇಷ್ಟು ಕಾಲ ನಂಬಿದ್ದೆ. ಚೌಕಟ್ಟಿನ ಹೊರಗೆ ನಿಂತು ಚಿತ್ರವನ್ನು ಕಾಯುವವರನ್ನು ನಾವು ಕಲಾವಿದರ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಆ ಆನೆಯನ್ನು ಬರೆದ ಅನಾಮಿಕನೂ ಯಾವ ಬ್ಲೇಡಿಗೆ ಏನು ಕೊಟ್ಟು ತನ್ನ ಊರನ್ನು ಉಳಿಸಿಕೊಂಡನೋ, ಯಾರಿಗೆ ಗೊತ್ತು.

ಬಾಗಿಲಲ್ಲಿ ನಿಂತಿದ್ದ ಭಾಗ್ಯ ನಮ್ಮಿಬ್ಬರನ್ನೂ ನೋಡಿದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ನೀವಿಬ್ರೂ ಸೇರಿ ತಾಯಿ ಪಾದ ಉಳಿಸ್ಕೊಂಡ್ರಿ, ಬುಡಿ. ನಮ್ಮಪ್ಪನ ಎಸ್ರ ನಾನೆಲ್ಲಿಂದ ತರ್ಲಿ?"

ನಾನು ಭಾಗ್ಯನ ಮಗಳ ಶಾಲೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಇಸಿದುಕೊಂಡು, ಸನ್ಮಾನ ಮಾಡುವವರಿಗೆ ಅಲ್ಲೇ ಕೂತು ಕಾಗದ ಬರೆದೆ. ಚೀಲದಲ್ಲಿದ್ದ ಕ್ಯಾಸೆಟ್ಟುಗಳ ಹೆಸರನ್ನೆಲ್ಲ ಒಂದರ ಕೆಳಗೊಂದು ಬರೆದು, ಕೊನೆಗೆ ಎರಡು ಸಾಲು ಸೇರಿಸಿ, ಭಾಗ್ಯನ ಕೈಗೆ ಕೊಟ್ಟೆ. ಅವಳು ಅಪ್ಪನಿಗೆ ಕೇಳಿಸುವಂತೆ ಓದಿದಳು: "ಈ ಚಿತ್ರಗಳನ್ನೆಲ್ಲ ಬರೆದವರು ಮದ್ದೂರಿನ ಬೋರಯ್ಯನವರು. ಅವರ ಹೆಸರನ್ನು ಕತ್ತರಿಸಿದವನು, ಕೆಳಗೆ ರುಜು ಹಾಕಿರುವ ನಾನು."